ಕುಂತ ಗುರುತು

ಕುಂತಿದ್ದೆ ಎಂದು ಒಂದು ಮಾತು ಹೇಳಿಬಿಟ್ಟರೆ ಮುಗಿದುಹೋಗುತ್ತದೆ ಎಂದು ಮಾಲತೇಶ ಮೊದಲು ಹೇಳಿದ್ದು ಕಮಲಾಪುರ ದಾಟುವಾಗ. ರಾಮಸಾಗರ ಬರುವಷ್ಟರಲ್ಲಿ ಅದನ್ನೇ ಬೈದು ಹೇಳಿದ್ದ, ಬೇಡಿಕೊಂಡು ಹೇಳಿದ್ದ, ನಕ್ಕೂ ಹೇಳಿದ್ದ. ತಾಯಕ್ಕ ಓಮ್ನಿಯ ಹಿಂದಿನ ಸೀಟಿನಲ್ಲಿ ಕತ್ತರಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಳೆತೋಟ, ಭತ್ತದ ಗದ್ದೆ, ಮತ್ತೆ ಬಾಳೆತೋಟ ನೋಡುತ್ತಿದ್ದಳು. ಹೊಸಪೇಟೆಯಿಂದ ಇಷ್ಟು ದೂರ ಬಂದರೂ ತಾನು ಬೆನ್ನನ್ನು ಸೀಟಿಗೆ ತಾಗಿಸಿಯೇ ಇಲ್ಲ ಎಂಬುದು ಆಗ ಗಮನಕ್ಕೆ ಬಂತು. ಯಾರು ಬೇಡ ಅಂದಿದ್ದರು? ಮಾಲತೇಶನಂತೂ ಅಂಥವನಲ್ಲ, ಈ ವ್ಯಾನಿನಲ್ಲಿ ಅವಳು ವರ್ಷಗಟ್ಟಲೆ ಓಡಾಡಿದ್ದಾಳೆ. ತನ್ನ ಮೇಲೇ ಸಿಟ್ಟು ಬಂದು ಬೇಕೆಂದೇ ಒರಗಿದಳು. ಒರಗಿದ ಮೇಲೆ, ಒರಗಿದ್ದೇನೆ ಎಂಬುದನ್ನು ಮರೆಯಲು ಆಗಲಿಲ್ಲ.

"ನೋಡು ತಾಯಕ್ಕ, ಕಟಿಂಗ್ ತಪ್ಪಾಗೈತಿ ಅಂದ್ರ ಪೂರಾ ಸೋಫಾ ಸೆಟ್ಟು ಬಿಚ್ಚಬೇಕು. ಆ ಲಾಟಿನ ಬಟ್ಟಿ ಒಂದ್ ಗೇಣೂ ಉಳದಿಲ್ಲ. ಪಾಣಿಪತ್‌ನಿಂದ ಬ್ಯಾರೆ ಲಾಟ್ ತರಿಸಿದ್ರ ಬಣ್ಣ ಕೂಡಂಗಿಲ್ಲ. ಅದಕ್ಕ ಹೇಳೂದು. ಭಾಳ ದಣಿದಿದ್ದೆ, ಒಂದ್ ಗಳಿಗಿ ಕುಂತಿದ್ದೆ, ತಪ್ಪಾತು ಅಂದ್ಬಿಡು. ಮಿಲ್ಲಿನ ಮನಿಯವರು ವಿಭೂತಿ ನೀರು ಚಿಮುಕಿಸ್ತಾರ, ನಾನು ಸ್ಟೀಮ್ ಹಿಡೀತೀನಿ. ಅಷ್ಟ."

"ಸ್ಟೀಮ್ ಹಿಡಿದ್ರ ಹೋಗಂಗಿಲ್ಲಲ್ಲಣ್ಣ ಅದು. ಬಟ್ಟಿನ ತಲಿಕೆಳಗೈತಿ."

"ಇವತ್ತೊಂದಿನ ದಾಟಿದ್ರ ಸಾಕು. ಆಮೇಲೆ ಮನಿಮಂದಿ ದಿನಾ ಕುಂತು ಕುಂತು ಎಲ್ಲಾ ಒಂದ ಬಣ್ಣ ಆಗ್ತೈತಿ."

"ನಾ ಕುಂತಿಲ್ಲಲ್ಲ."

"ಕುಂತಿಲ್ಲ ಅಂತ ನಂಗೂ ಗೊತ್ತೈತಿ. ಹೇಳಾಕ ನಿಂದೇನು ಹೋಗ್ತೈತಿ?"

ತನ್ನದೇನು ಹೋಗುತ್ತದೆ ಎಂದು ತಾಯಕ್ಕ ನಿಜವಾಗಿಯೂ ಹುಡುಕಿದಳು. ಸುಳ್ಳು ಹೇಳುವುದೇನೂ ಅವಳಿಗೆ ಹೊಸದಲ್ಲ. ಹಂಪಿ ಕಡೆಯ ಹೋಮ್‌ಸ್ಟೇಗಳವರು ಬಂದರೆ ಈ ಬಟ್ಟೆ ಮಷಿನ್ನಿಗೆ ಹಾಕಿದರೂ ಏನೂ ಆಗದು ಎಂದಿದ್ದಾಳೆ, ಸಂಡೂರಿನ ಬಂಗಲೆಯವರಿಗೆ ಅದಿರಿನ ಧೂಳು ಇದರ ಮೇಲೆ ನಿಲ್ಲುವುದೇ ಇಲ್ಲ ಎಂದಿದ್ದಾಳೆ, ಮಂಗಳವಾರ ಕೊಡುತ್ತೇನೆ ಎಂದು ಶುಕ್ರವಾರ ಕೊಟ್ಟಿದ್ದಾಳೆ. ಕಾಲೇಜು ರಸ್ತೆಯ ಮಾಲತೇಶನ ಅಂಗಡಿಯಲ್ಲಿ ಮುಂದೆ ಗಾಜು, ಹಿಂದೆ ತಗಡಿನ ಶೆಡ್ಡು; ಶೆಡ್ಡಿನಲ್ಲಿ ಹೊಲಿಯುವವಳು ಅಷ್ಟು ಸುಳ್ಳು ಹೇಳದಿದ್ದರೆ ಮುಂದಿನ ಗಾಜು ಹೊಳೆಯುವುದಿಲ್ಲ. ಆ ಸುಳ್ಳುಗಳೆಲ್ಲ ಬಾಯಿಂದ ಹೋದವು, ಮರಳಿ ಬರಲಿಲ್ಲ. ಇದು ಮಾತ್ರ ಗಂಟಲಲ್ಲಿ ಅಡ್ಡ ನಿಂತಿತ್ತು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದಾದರೆ ಒಪ್ಪಿಕೊಳ್ಳಬಹುದಿತ್ತು. ಆದರೆ ಕೂರುವುದು ತಪ್ಪು ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಅದನ್ನು ಮಾಡಿದೆ ಎಂದು ಒಪ್ಪಿಕೊಳ್ಳಬೇಕಲ್ಲ, ಅಲ್ಲಿ ಕಾಲು ಮುಂದಕ್ಕೆ ಏಳುತ್ತಿರಲಿಲ್ಲ. ಇದನ್ನು ಮಾಲತೇಶನಿಗೆ ಹೇಳೋಣ ಎಂದರೆ ಅವನು ಲಾರಿಯೊಂದನ್ನು ಹಿಂದಿಕ್ಕುವ ಗಡಿಬಿಡಿಯಲ್ಲಿದ್ದ.

ಅವ್ವ ಆಗಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಜಂಬವ್ವ ಗಾದಿಗನೂರಿನಲ್ಲಿ ಯಾರ ಮನೆಯ ಕೆಲಸಕ್ಕೆ ಹೋದರೂ ಕಂಕುಳಲ್ಲಿ ಮಡಚಿದ ಒಂದು ಗೋಣಿತಟ್ಟು ಇರುತ್ತಿತ್ತು. ಶೇಂಗಾ ಬಿಡಿಸುವುದಿರಲಿ, ಕಾಳು ಹಸನು ಮಾಡುವುದಿರಲಿ, ಹೋದವಳೇ ಅಂಗಳದ ಒಂದು ಮೂಲೆಯಲ್ಲಿ ತಟ್ಟು ಹಾಸಿ ಕೂರುತ್ತಿದ್ದಳು, ಎದ್ದಾಗ ಕೊಡವಿ ಮಡಚಿ ಮತ್ತೆ ಕಂಕುಳಿಗೆ. ಸಣ್ಣವಳಿದ್ದಾಗ ತಾಯಕ್ಕನಿಗೆ ಅದೊಂದು ದೌಲತ್ತಿನ ಹಾಗೆ ಕಾಣುತ್ತಿತ್ತು. ಬೇರೆ ಹೆಂಗಸರು ಮಣ್ಣಿನಲ್ಲಿ ಕೂತರೆ ನಮ್ಮವ್ವನಿಗೆ ಮಾತ್ರ ಹಾಸಿಗೆ ಎಂದು ಗೆಳತಿಯರ ಹತ್ತಿರ ಹೇಳಿಕೊಂಡಿದ್ದೂ ಉಂಟು. ಒಮ್ಮೆ ತಟ್ಟು ಮರೆತು ಹೋದ ದಿನ ಅವ್ವ ಮಧ್ಯಾಹ್ನದ ತನಕ ಕುಕ್ಕರುಗಾಲಿನಲ್ಲೇ ಕೆಲಸ ಮಾಡಿದಳು, ಪಕ್ಕದಲ್ಲೇ ಮರದ ಮಣೆಯೊಂದು ಖಾಲಿ ಬಿದ್ದಿತ್ತು. ತೊಡೆ ನೋಯುತ್ತದೆ ಎಂದು ಆ ರಾತ್ರಿ ಎಣ್ಣೆ ತಿಕ್ಕಿಸಿಕೊಂಡಾಗಲೂ ಮಣೆಯ ಮಾತು ಎತ್ತಲಿಲ್ಲ. ತಿಕ್ಕುತ್ತಿದ್ದ ತಾಯಕ್ಕನೂ ಕೇಳಲಿಲ್ಲ. ಅವ್ವ ಸತ್ತಾಗ ಆ ತಟ್ಟನ್ನು ಏನು ಮಾಡಿದೆವು ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ. ಈಗ ತಾನು ಊರವರಿಗೆಲ್ಲ ಮೆತ್ತನೆಯ ಆಸನ ಹೊಲಿಯುತ್ತಾಳೆ.

ಶೆನಿಲ್ ಎಂಬ ಈ ಬಟ್ಟೆ ಅಂಗಡಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. ಮೊದಲು ಬಂದದ್ದು ನೂಲು. ಮುಂದಿನ ಗಾಜಿನಲ್ಲಿ ಇಟ್ಟ ದಪ್ಪ ದಪ್ಪ ಉಂಡೆಗಳನ್ನು ಕಾಲೇಜು ಹುಡುಗಿಯರು ಕೊಂಡುಹೋಗಿ ಹೂವು, ಚೀಲ, ಕರಡಿಮರಿ ಹೆಣೆಯುತ್ತಿದ್ದರು. ಎಳೆಯ ಸುತ್ತಲೂ ನವಿರಾದ ಕೂದಲು ನಿಂತ ಆ ನೂಲನ್ನು ಮೊದಲ ಸಲ ಮುಟ್ಟಿದಾಗ ತಾಯಕ್ಕನಿಗೆ ಕಂಬಳಿಹುಳ ಹತ್ತಿದಂತಾಗಿ ಮೊಣಕೈವರೆಗೆ ತುರಿಸಿಕೊಂಡಿದ್ದಳು. ಆಮೇಲೆ ಅದರದೇ ಬಟ್ಟೆ ಥಾನುಗಟ್ಟಲೆ ಬರತೊಡಗಿತು. ಆ ಬಟ್ಟೆಯ ಕೂದಲೆಲ್ಲ ಒಂದೇ ಕಡೆ ಮಲಗಿರುತ್ತದೆ. ಅಂಗೈಯನ್ನು ಅದೇ ದಿಕ್ಕಿಗೆ ಎಳೆದರೆ ನುಣ್ಣಗೆ, ತಿಳಿಬಣ್ಣ. ಎದುರಿಗೆ ಎಳೆದರೆ ಅದೇ ಬಟ್ಟೆ ಗಾಢ. ಅದಕ್ಕೇ ಕತ್ತರಿಸುವ ಮೊದಲು ಪ್ರತಿ ತುಂಡಿನ ಬೆನ್ನಿಗೂ ಸೀಮೆಸುಣ್ಣದಲ್ಲಿ ಬಾಣ ಬರೆಯಬೇಕು, ಬಾಣವೆಲ್ಲ ಕೂರುವವರ ಮೊಣಕಾಲಿನ ಕಡೆಗೇ ಇರಬೇಕು. ಒಂದು ತುಂಡು ತಿರುಗಿದರೂ ಸೋಫಾದಲ್ಲಿ ಆ ಜಾಗ ಬೇರೆ ಕಾಣುತ್ತದೆ. ನೋಡಿದವರಿಗೆ ಅಲ್ಲಿ ಯಾರೋ ಈಗಷ್ಟೇ ಕೂತು ಎದ್ದುಹೋದ ಹಾಗಿರುತ್ತದೆ.

ಇದೆಲ್ಲ ಗೊತ್ತಿದ್ದೂ ಅವಳು ತಿರುಗಿಸಿದ್ದಳು. ತಿರುಗಿಸಿದಳೋ, ತಿರುಗಿತೋ. ಈಗ ಹೊರಟಿರುವ ಕಂಪ್ಲಿಯ ಅಕ್ಕಿ ಮಿಲ್ಲಿನವರ ಮನೆಗೆ ಅಳತೆಗೆ ಬಂದ ದಿನ ಹಳೆಯ ಸೋಫಾದ ಮುಂದೆ ಮಂಡಿಯೂರಿ ಟೇಪು ಹಿಡಿದಿದ್ದಳು. ಮನೆಯ ಯಜಮಾನಿ ಕೊಟ್ರಬಸಮ್ಮ ಪಕ್ಕದಲ್ಲೇ ನಿಂತು ಒಳ್ಳೆಯ ಮಾತೇ ಆಡುತ್ತಿದ್ದರು. ಯಾವ ಊರವಾ, ಮಕ್ಕಳೆಷ್ಟು, ಕಣ್ಣಿಗೆ ಕಾಣಿಸ್ತೈತಾ ಇಷ್ಟು ಸಣ್ಣ ಹೊಲಿಗಿ ಎಂದೆಲ್ಲ. ಊರು ಗಾದಿಗನೂರು ಎಂದಾಗ ಯಾವ ಓಣಿ ಎಂದೂ ಕೇಳಿದರು, ಅವಳು ಹೇಳಿದಳು. ಅಳತೆ ಮುಗಿದು ಏಳುವಾಗ ಸೋಫಾದ ತೋಳಿನ ಮೇಲೆ ಕೈ ಊರಿ ಎದ್ದಳು. ಕೊಟ್ರಬಸಮ್ಮ ಮಾತು ನಿಲ್ಲಿಸದೆ, ಮಿಲ್ಲಿನಲ್ಲಿ ಹೊಸ ಮಷಿನ್ ಕೂರಿಸಿದ ಸುದ್ದಿ ಹೇಳುತ್ತಲೇ, ಅವಳು ಕೈ ಊರಿದ ಜಾಗವನ್ನು ಸೆರಗಿನಿಂದ ಒರೆಸಿದರು. ಬೇಕಂತ ಮಾಡಿದ್ದಲ್ಲ. ಒರೆಸಿದ್ದು ಅವರಿಗೇ ತಿಳಿದಿರಲಿಕ್ಕಿಲ್ಲ. ತಿಳಿದು ಮಾಡಿದ್ದರೆ ತಾಯಕ್ಕ ಅಲ್ಲೇ ಒಂದು ಮಾತು ಅಂದು ಹಗುರಾಗುತ್ತಿದ್ದಳು. ಶೆಡ್ಡಿನಲ್ಲಿ ಕೊನೆಯ ತುಂಡನ್ನು ಮೇಜಿನ ಮೇಲೆ ಹಾಸಿದಾಗ ಆ ಸೆರಗು ಕಣ್ಣ ಮುಂದೆ ಬಂತು, ಮಾತಿನ ನಡುವೆ ಅಷ್ಟು ಸಲೀಸಾಗಿ ಹೋಗಿ ಬಂದ ಆ ಕೈ ಬಂತು. ಸುಣ್ಣ ಹಿಡಿದು ಬಾಣ ಬರೆದಳು. ಎಲ್ಲಿಗೆ ಮುಖ ಮಾಡಿ ಬರೆದೆ ಎಂದು ನೋಡದೆ ಕತ್ತರಿ ಇಟ್ಟಳು. ಆ ಹೊತ್ತಿಗೆ ಅವಳ ಕೈಗೆ ಒಂದು ಥರ ಸುಖವಾಗಿತ್ತು ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿದೆ, ಅದನ್ನು ಮಾಲತೇಶನಿಗೂ ಹೇಳಿಲ್ಲ.

ಇನ್ನೊಂದೂ ಇತ್ತು. ನಿನ್ನೆ ಆ ಮನೆಯಲ್ಲಿ ಸೋಫಾ ಇಳಿಸಿದ ಮೇಲೆ ಮಾಲತೇಶ, ಟೆಂಪೋ ಡ್ರೈವರು ಇಬ್ಬರೂ ದಿಂಬು ತರಲು ಹೊರಗೆ ಹೋದಾಗ ಹಾಲ್‌ನಲ್ಲಿ ಅವಳೊಬ್ಬಳೇ ಇದ್ದಳು. ಮಾಗಿದ ನೇರಳೆಯ ಬಣ್ಣ, ತನ್ನ ಕೈಯದೇ ಹೊಲಿಗೆ. ಕೂರಬೇಕು ಅನ್ನಿಸಿತ್ತು. ದಣಿವಿಗಲ್ಲ, ಹೊಲಿದದ್ದು ಕೂರಲು ಹೇಗಿದೆ ಎಂದು ಹೊಲಿದವರಿಗೆ ಗೊತ್ತಾಗಬೇಡವೇ ಎಂದು. ಅಂಗೈ ಇಟ್ಟು ಒತ್ತಿ ನೋಡಿ ಬಾಗಿಲ ಕಡೆ ತಿರುಗಿ ನೋಡಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ, ಆದರೂ ಕೂರಲಿಲ್ಲ. ಹಾಗೆ ತಿರುಗಿ ನೋಡಿದ್ದಕ್ಕೆ ರಾತ್ರಿಯೆಲ್ಲ ತನ್ನನ್ನು ತಾನೇ ಬೈದುಕೊಂಡಳು. ಬೆಳಿಗ್ಗೆ ಫೋನು ಬಂತು, ಕಿಟಕಿಯ ಕಡೆಯ ಸೀಟು ಕಪ್ಪಾಗಿದೆ, ನಿಮ್ಮ ಹೆಣ್ಣುಮಗಳು ಕೂತು ಎದ್ದಿದ್ದಾಳೆ ಎಂದು.

ಈ ಮನೆಯಲ್ಲಿ ಕೂರುವಂಥದ್ದು ಯಾವುದು ಹೊಸದಾಗಿ ಬಂದರೂ ಅದರ ಮೇಲೆ ಮೊದಲು ಮನೆತನದ ಗುರುಗಳಾದ ಅಯ್ಯನವರು ಕೂರಬೇಕು. ಅದು ಅವರ ಹಿರಿಯರಿಂದ ಬಂದ ಪದ್ಧತಿ. ಹೋದ ವರ್ಷ ಕಾರು ಕೊಂಡಾಗ ಅಯ್ಯನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೊಳೆಯ ಸೇತುವೆಯವರೆಗೆ ಒಯ್ದು ತಂದಿದ್ದರಂತೆ, ಅವರಿಗೆ ಎ.ಸಿ. ತಡೆಯದೆ ನೆಗಡಿಯಾಗಿತ್ತಂತೆ. ಇವತ್ತು ಸೋಫಾಕ್ಕೆ ಬರುವವರಿದ್ದರು. ಪಾದಪೂಜೆ ಆಗಿ, ಅವರು ಕೂತು ಎದ್ದ ಮೇಲೆ ಮನೆಯವರು ಕೂರುವುದು. ಅದಕ್ಕೂ ಮೊದಲೇ ಯಾರೋ ಕೂತರೆಂದರೆ ಮಾಡಿದ ಪೂಜೆ ಎಂಥದ್ದು?

ವ್ಯಾನು ಮಿಲ್ಲಿನ ಗೋಡೆಯ ಪಕ್ಕ ನಿಂತಿತು. ತೌಡಿನ ವಾಸನೆ ಗಾಳಿಯಲ್ಲಿತ್ತು. ಮಾಲತೇಶ ಇಳಿಯುವ ಮೊದಲು ತಿರುಗಿ, ಈ ಸಲ ಮೆಲ್ಲಗೆ ಹೇಳಿದ. "ಹೇಳಂಗಿಲ್ಲ ಅಂದ್ರ ನಾಳಿಂದ ಅಂಗಡಿಗೆ ಬರೂದ ಬ್ಯಾಡ ತಾಯಕ್ಕ. ಸಿಟ್ಟಿಲೆ ಹೇಳವಲ್ಲೆ. ಇವರ ಬೀಗರ ಮನಿ ಎರಡದಾವು, ಅವರ ಆರ್ಡರ್ ಎಲ್ಲಾ ಹೋಗ್ತೈತಿ ನಂದು." ಅವನ ಮುಖ ನೋಡಿದರೆ ಪಾಪ ಅನ್ನಿಸುವ ಹಾಗಿತ್ತು. ತಾಯಕ್ಕನಿಗೆ ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಹೊಲಿಗೆ ಕೆಲಸ ಎಲ್ಲಿಯಾದರೂ ಸಿಕ್ಕೀತು ಎಂದುಕೊಂಡಳು. ಸಿಗಲಿಕ್ಕಿಲ್ಲ ಎಂದೂ ಗೊತ್ತಿತ್ತು. ಅವನ ಹಿಂದೆ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು, ಯಾವಾಗಲೂ ಹಾಗೇ ಹೋಗುತ್ತಿದ್ದದ್ದು.

ಹಾಲ್‌ನಲ್ಲಿ ಊದುಬತ್ತಿ ಹಚ್ಚಿದ್ದರು. ತಂಬಿಗೆ, ತಟ್ಟೆ, ಮಡಿ ಟವೆಲು ಎಲ್ಲ ಸಜ್ಜಾಗಿತ್ತು. ಮೂರು ಸೀಟಿನ ಉದ್ದ ಸೋಫಾ ಗೋಡೆಗೆ ಇತ್ತು, ಕಿಟಕಿಯ ಕಡೆಯ ಸೀಟು ಉಳಿದೆರಡಕ್ಕಿಂತ ಕಪ್ಪಗೆ ಕಾಣುತ್ತಿತ್ತು, ಸುಳ್ಳಲ್ಲ. ತನ್ನ ತಪ್ಪನ್ನು ಅಷ್ಟು ಬೆಳಕಿನಲ್ಲಿ ನೋಡಿ ತಾಯಕ್ಕನಿಗೆ ನಾಚಿಕೆಯಾಯಿತು. ಸೊಸೆ ಸೌಜನ್ಯ ಅಡುಗೆಮನೆಯ ಬಾಗಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಕೊಟ್ರಬಸಮ್ಮ ಬಂದವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದೆ ಏನವಾ. ನೋಡು, ಅಯ್ಯನೋರು ಇನ್ನೇನು ಬರ್ತಾರ. ಅವರಿಗೆ ಮೊಣಕಾಲು ನೋವು, ಬಂದ ಕೂಡ್ಲೆ ಕುಂದರಬೇಕು. ನಾನೇನು ಸಿಟ್ಟು ಮಾಡಂಗಿಲ್ಲ. ದಣಿದಿರ್ತಿ, ಮೆತ್ತಗ ಕಾಣ್ತೈತಿ, ಮನುಷ್ಯಾರಿಗೆ ಆಸಿ ಆಗೂದ. ಕುಂತಿದ್ದೆ ಅಂತ ಒಂದ್ ಮಾತು ಬಾಯಿಲೆ ಹೇಳಿಬಿಡು, ಅದಕ್ಕೇನು ಮಾಡಬೇಕೋ ಮಾಡಿ ಶುದ್ಧ ಮಾಡ್ಕಂತೀವಿ."

"ಹೇಳ್ತಾಳ್ರಿ, ಹೇಳ್ತಾಳ," ಎಂದ ಮಾಲತೇಶ. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು.

ಆಸೆ ಎಂಬ ಮಾತು ತಾಯಕ್ಕನಿಗೆ ಕಪಾಳಕ್ಕೆ ಬಿದ್ದಂತಾಯಿತು. ನಿನ್ನೆ ಅಂಗೈ ಒತ್ತಿ ಬಾಗಿಲ ಕಡೆ ನೋಡಿದ್ದನ್ನು ಈ ಹೆಂಗಸು ಎಲ್ಲಿಂದಲೋ ಕಂಡಿದ್ದಾಳೆಯೇ? ಇಲ್ಲ, ಕಂಡಿಲ್ಲ, ಕಾಣದೆಯೇ ಗೊತ್ತಿದೆ ಅವರಿಗೆ, ಇಂಥವರಿಗೆ ಇಂಥ ಆಸೆ ಇರುತ್ತದೆ ಎಂದು. ಆ ಆಸೆಯನ್ನು ಕ್ಷಮಿಸಲೂ ಸಿದ್ಧರಿದ್ದಾರೆ. ಖಾಲಿ ಬಿದ್ದ ಮಣೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ ಅವ್ವನಿಗೂ ಆಸೆ ಆಗಿರಬೇಕು. ಯಾರೂ ನೋಡದಿದ್ದಾಗ ಅವಳೂ ಮಣೆಯನ್ನು ಒಮ್ಮೆ ಮುಟ್ಟಿ ನೋಡಿರಬೇಕು. ಗೋಣಿತಟ್ಟು ಅವಳ ಸೊಕ್ಕೋ, ಸೋಲೋ ಎಂದು ಇಷ್ಟು ವರ್ಷ ತೀರ್ಮಾನವಾಗಿರಲಿಲ್ಲ. ಈಗಲೂ ಆಗಲಿಲ್ಲ. ಆದರೆ ತನ್ನ ಕಂಕುಳಲ್ಲಿ ತಟ್ಟು ಇಲ್ಲ, ಕತ್ತರಿ ಇದೆ ಎಂಬುದು ತಾಯಕ್ಕನಿಗೆ ಸ್ಪಷ್ಟವಾಯಿತು. ಚೀಲವನ್ನು ಕೆಳಗಿಟ್ಟಳು.

"ತಪ್ಪು ನಂದ ಐತ್ರಿ ಅಮ್ಮಾರ," ಎಂದಳು. ದನಿ ತಾನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಕತ್ತರಿಸಿದ್ದು ತಪ್ಪೈತಿ. ಬಟ್ಟಿ ತಲಿಕೆಳಗ ಬಿದ್ದೈತಿ. ಇಡೀ ಸೆಟ್ಟು ಬಿಚ್ಚಿ ಬ್ಯಾರೆ ಹೊಲಿಬೇಕು, ನಾ ಹೊಲಿದು ಕೊಡ್ತೀನಿ. ನಾನಂತೂ ಕುಂತಿಲ್ಲ."

ಮಾಲತೇಶ ಕಣ್ಣು ಮುಚ್ಚಿಕೊಂಡ. ಕೊಟ್ರಬಸಮ್ಮ ಅವನ ಕಡೆ ನೋಡಿ, ಅವಳ ಕಡೆ ನೋಡಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಕುಂತಿಲ್ಲಂದ್ರ ಕುಂತಂಗ ಹೆಂಗ ಆಗ್ತೈತವಾ? ಸುಳ್ಳು ಯಾಕ ಹೇಳ್ತಿ?"

ನಿಮ್ಮ ಸೆರಗು ನೆನಪು ಮಾಡಿಕೊಳ್ಳಿ ಎಂದು ಕೇಳಬಹುದಿತ್ತು. ಕೇಳಿದ್ದರೆ ಅವರು ಯಾವ ಸೆರಗು ಎನ್ನುತ್ತಿದ್ದರು, ನಿಜವಾಗಿಯೂ ಗೊತ್ತಿಲ್ಲದೆ. ತಾಯಕ್ಕ ಮಾತು ಬಿಟ್ಟು ನಡೆದಳು. ಸೋಫಾದ ಮುಂದೆ ಹೋಗಿ, ತಿರುಗಿ, ನಡುವಿನ ಸೀಟಿನ ಮೇಲೆ ಕೂತಳು. ಅಂಚಿಗಲ್ಲ. ಮೈಯ ಭಾರವನ್ನೆಲ್ಲ ಬಿಟ್ಟು, ಬೆನ್ನನ್ನು ಹಿಂದಕ್ಕೆ ಒರಗಿಸಿ, ಕೈಗಳನ್ನು ಎರಡೂ ಕಡೆ ಚಾಚಿ ಕೂತಳು. ಒಳಗಿನ ಸ್ಪಂಜು ನಿಧಾನಕ್ಕೆ ಇಳಿದು ಅವಳನ್ನು ಹಿಡಿದುಕೊಂಡಿತು. ಹೊಲಿಗೆ ಎಲ್ಲೂ ಬೆನ್ನಿಗೆ ಒತ್ತಲಿಲ್ಲ. ಚೆನ್ನಾಗಿ ಹೊಲಿದಿದ್ದೇನೆ ಎಂದು ಅವಳಿಗೆ ಖುಷಿಯಾಯಿತು. ಅಂಥ ಹೊತ್ತಿನಲ್ಲೂ ಖುಷಿಯಾಯಿತು ಎಂಬುದು ಆಮೇಲೆ ಎಷ್ಟೋ ದಿನ ಅವಳಿಗೆ ಆಶ್ಚರ್ಯದ ಸಂಗತಿಯಾಗಿತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು, ಸೌಜನ್ಯ ಅದನ್ನು ಆರಿಸಲು ಹೋಗಲಿಲ್ಲ. ಮಾಲತೇಶ "ತಾಯಕ್ಕ" ಎಂದ. ತಾಯಕ್ಕ ಏಳಲಿಲ್ಲ. ಬೇಕಾದಷ್ಟು ಹೊತ್ತು ಕೂತಳು, ಆಮೇಲೆ ಎದ್ದಳು.

ಎದ್ದ ಜಾಗದಲ್ಲಿ ಅವಳ ಗುರುತು ಉಳಿದಿತ್ತು. ತೊಡೆಯದು, ಬೆನ್ನಿನದು, ಚಾಚಿದ ಎರಡು ಅಂಗೈಗಳದು, ಬೆರಳು ಬೆರಳು ಕಾಣುವ ಹಾಗೆ.

"ಕುಂತ್ರ ಹಿಂಗ ಆಗ್ತೈತ್ರಿ," ಎಂದು ಅದನ್ನು ತೋರಿಸಿದಳು. ಆಮೇಲೆ ಕಿಟಕಿಯ ಕಡೆಯ ಸೀಟು ತೋರಿಸಿದಳು. "ಅದು ಕುಂತದ್ದಲ್ಲ. ಅದು ಕತ್ತರಿ ತಪ್ಪು. ಅದನ್ನ ಎಷ್ಟು ಒರಸಿದ್ರೂ ಹೋಗಂಗಿಲ್ಲ. ಇದು ಒರಸಿದ್ರ ಹೋಗ್ತೈತಿ. ಹಿಂದಿಂದ ಮುಂದಕ್ಕ ಕೈ ಎಳೀಬೇಕು, ನಾ ಎಳ್ಯಂಗಿಲ್ಲ."

ಕೊಟ್ರಬಸಮ್ಮನ ಕೈ ಸೆರಗಿಗೆ ಹೋಗಿತ್ತು. ಈ ಸಲ ಅದು ಹೋದದ್ದು ಅವರಿಗೆ ತಿಳಿಯಿತು. ಸೆರಗನ್ನು ಹಿಡಿದುಕೊಂಡೇ, ಬಗ್ಗಬೇಕೋ ಬೇಡವೋ ಎಂದು ಗೊತ್ತಾಗದೆ, ಸೊಸೆಯ ಮುಖ ನೋಡಿದರು. ಸೊಸೆ ಬುಟ್ಟಿಯೊಳಗಿನ ಹೂವು ನೋಡುತ್ತಿದ್ದಳು. ಅಷ್ಟರಲ್ಲಿ ಹೊರಗೆ ಟಿವಿಎಸ್ ಬಂದು ನಿಂತಿತು. "ಅದೀರೇನವಾ" ಎಂದು ಕೆಮ್ಮುತ್ತ, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಅಯ್ಯನವರು ಹತ್ತಿ ಬಂದರು. ವಯಸ್ಸಾದ, ಬಡಕಲು ಮನುಷ್ಯ. ಬರ್ರಿ ಕುಂದ್ರಿ ಎಂಬ ಮಾತು ಮನೆಯವರ ಬಾಯಿಂದ ಬರುವ ಮೊದಲೇ, ಪಾದ ತೊಳೆಯುವ ತಂಬಿಗೆಯ ಕಡೆಗೂ ನೋಡದೆ, ಗೋಡೆ ಹಿಡಿದು, ಸೋಫಾದ ತೋಳು ಹಿಡಿದು, ಉಸ್ಸಪ್ಪಾ ಎಂದು ನಡುವಿನ ಸೀಟಿನ ಮೇಲೆ ಕೂತುಬಿಟ್ಟರು. ಅವಳ ಗುರುತಿನ ಮೇಲೆಯೇ ಕೂತರು.

ತಾಯಕ್ಕ ಚೀಲ ಎತ್ತಿಕೊಂಡಳು. ಹಿತ್ತಿಲ ಕಡೆಗೆ ಹೋಗುವವಳು ಯಾಕೋ ನಿಂತು, ತಿರುಗಿ, ಅವರೆಲ್ಲರ ನಡುವಿನಿಂದ ಮುಂಬಾಗಿಲಿಗೆ ನಡೆದಳು.

"ಭಾಳ ಮೆತ್ತಗೈತಿ ಬಿಡವಾ," ಎಂದರು ಅಯ್ಯನವರು, ಮೊಣಕಾಲು ಒತ್ತಿಕೊಳ್ಳುತ್ತ. ಪಕ್ಕದಲ್ಲಿ ಅಂಗೈ ಇಟ್ಟು ನೋಡಿದರು. "ಬೆಚ್ಚಗೂ ಐತಿ. ಬಿಸಲೇನರ ಬಿದ್ದಿತ್ತೇನು?"

ಮಾಲತೇಶ ನೆಲ ನೋಡುತ್ತಿದ್ದ. ತಾಯಕ್ಕ ಹೊಸ್ತಿಲ ಮೇಲೆ ನಿಂತು, ಬೆಳಿಗ್ಗೆಯಿಂದ ಗಂಟಲಲ್ಲಿ ಅಡ್ಡ ನಿಂತಿದ್ದ ಮಾತನ್ನು ಸಲೀಸಾಗಿ ಹೇಳಿದಳು.

"ನಾ ಕುಂತಿದ್ದೆರಿ, ಅಯ್ಯನೋರ."